ನುಡಿ ಫೈಲನ್ನ ವರ್ಡ್ ಒಳಗೇ ಯೂನಿಕೋಡ್ ಮಾಡೋ ಆಡ್-ಇನ್: ಹಳೇ ದಾರೀಲೇ ಗೆದ್ದೆ

"ವಿಬಿಎ ಸತ್ತು ಯಾವ ಕಾಲ ಆಯ್ತೋ ಮಾರಾಯ, ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀಯಾ" ಅಂದವರೇ ಈಗ ಫೋನ್ ಮಾಡಿ ಇನ್‌ಸ್ಟಾಲರ್ ಕಳಿಸು ಅಂತಿದಾರೆ, ಅದಕ್ಕೇ ಬರೀತಿದೀನಿ. ವಿಬಿಎ ಅಂದ್ರೆ ವರ್ಡ್, ಎಕ್ಸೆಲ್ ಒಳಗೇ ಇರೋ ಹಳೇ ಮ್ಯಾಕ್ರೋ ಭಾಷೆ, ನನ್ನ ಆಡ್-ಇನ್ (ವರ್ಡ್‌ಗೆ ಸೇರಿಸೋ ಪುಟ್ಟ ಪ್ರೋಗ್ರಾಂ) ಅದರಲ್ಲೇ ಇದೆ. ಶಿವಮೊಗ್ಗದ ಸುತ್ತಮುತ್ತ ವಕೀಲರ ಆಫೀಸು, ಪತ್ರ ಬರಹಗಾರರು, ಒಂದೆರಡು ಸೌಹಾರ್ದ ಸೊಸೈಟಿ, ಪ್ರೆಸ್ಸು ಎಲ್ಲಾ ಸೇರಿ ನೂರೈವತ್ತು ಮೆಷಿನ್ ಹತ್ರ ಓಡ್ತಿದೆ. ಕೆಲಸ ಇಷ್ಟೇ, ನುಡಿ ಅಥವಾ ಬರಹ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟಲ್ಲಿ (ಒಳಗೆ ಇಂಗ್ಲಿಷ್ ಅಕ್ಷರ, ಕಣ್ಣಿಗೆ ಮಾತ್ರ ಕನ್ನಡ) ಹೊಡೆದ ವರ್ಡ್ ಫೈಲನ್ನ ಟೇಬಲ್ಲು, ಬೋಲ್ಡು, ಅಂಡರ್‌ಲೈನು ಏನೂ ಕದಲದ ಹಾಗೆ ಯೂನಿಕೋಡ್ ಮಾಡೋದು. ಕನ್ವರ್ಟರ್ ಬೇಕಾದಷ್ಟಿವೆಯಲ್ಲ ಅಂತೀರಿ, ಇವೆ, ಆದ್ರೆ ಟೆಕ್ಸ್ಟ್ ಕಾಪಿ ಮಾಡಿ ಹಾಕಿ ವಾಪಸ್ ತಂದ್ರೆ ಕ್ರಯಪತ್ರದ ಷೆಡ್ಯೂಲ್ ಟೇಬಲ್ ಮತ್ತೆ ಕಟ್ಟೋರು ಯಾರು?

ಮೊದಲು ನಾನೂ ಎಲ್ಲರ ಮಾತು ಕೇಳಿ ಮೈಕ್ರೋಸಾಫ್ಟಿನ ಹೊಸ ದಾರಿ, ಅಂದ್ರೆ ವೆಬ್ ಪುಟದ ಥರ ಆಡ್-ಇನ್ ಬರೆಯೋ ಆಫೀಸ್ ಡಾಟ್ ಜೆಎಸ್‌ನಲ್ಲೇ ಮಾಡಿದ್ದೆ. ಆಡ್-ಇನ್ ವಿವರ ಹೇಳೋ ಮ್ಯಾನಿಫೆಸ್ಟ್ ಫೈಲು, ಎಚ್‌ಟಿಟಿಪಿಎಸ್ ಹೋಸ್ಟಿಂಗು, ವರ್ಡ್ ಪಕ್ಕದಲ್ಲಿ ತೆರೆಯೋ ಚಂದದ ಟಾಸ್ಕ್ ಪೇನು. ನನ್ನ ಲ್ಯಾಪ್‌ಟಾಪಿನ ಮೈಕ್ರೋಸಾಫ್ಟ್ 365ರಲ್ಲಿ ಬೆಣ್ಣೆ ಥರ ಓಡ್ತು. ಗಿರಾಕಿ ಹತ್ರ ಹೋದ್ರೆ ಅಲ್ಲಿರೋದು ಆಫೀಸ್ 2010, 2013, ಅಪರೂಪಕ್ಕೆ 2016. 2010ಕ್ಕೆ ಈ ಥರದ ಆಡ್-ಇನ್ ಅಂದ್ರೇನು ಅಂತಲೇ ಗೊತ್ತಿಲ್ಲ, 2016ರಲ್ಲಿ ಟಾಸ್ಕ್ ಪೇನ್ ಹಿಂದೆ ಇನ್ನೂ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂತಿರುತ್ತೆ, ಹೊಸ ಜಾವಾಸ್ಕ್ರಿಪ್ಟಿನ ಆ್ಯರೋ ಫಂಕ್ಷನ್ ಕಂಡ್ರೆ ಬಿಳಿ ಪರದೆ. ಅಡ್ಮಿನ್ ಸೆಂಟರ್‌ನಿಂದ ಒಂದೇ ಸಲ ಎಲ್ಲರಿಗೂ ಹಾಕಬಹುದು ಅಂತ ಬೆಂಗಳೂರಿನ ಗೆಳೆಯರು ಹೇಳ್ತಾರೆ, ವಕೀಲರ ಆಫೀಸಲ್ಲಿ ಅಡ್ಮಿನ್ ಅಂದ್ರೆ ಟೈಪಿಸ್ಟ್ ಹುಡುಗನೇ, ಟೆನೆಂಟು (ಸಂಸ್ಥೆಯ 365 ಖಾತೆ) ಲೈಸೆನ್ಸು ಅಂದ್ರೆ ಮುಖ ನೋಡ್ತಾನೆ, ಅದರ ಮೇಲೆ ಕರೆಂಟ್ ಹೋದ್ರೆ ನೆಟ್ಟೂ ಹೋಯ್ತು. ಡೊಮೇನು, ಹೋಸ್ಟಿಂಗು, ಬಿಟ್ಟ ಬೇರೆ ಕೆಲಸ ಎಲ್ಲಾ ಲೆಕ್ಕ ಹಾಕಿದ್ರೆ ನಲವತ್ತು ಸಾವಿರ ನೀರಲ್ಲಿ ಹೋಮ.

ಆಮೇಲೆ ವಿಎಸ್‌ಟಿಓ, ವಿಷುಯಲ್ ಸ್ಟುಡಿಯೋದಲ್ಲಿ ಆಫೀಸ್ ಆಡ್-ಇನ್ ಬರೆಯೋ ದಾರಿ. ಅದಕ್ಕೆ ಗಿರಾಕಿ ಮೆಷಿನ್‌ನಲ್ಲಿ ರನ್‌ಟೈಮ್ ಅನ್ನೋ ಪೂರಕ ತಂತ್ರಾಂಶ ಬೇಕು, ಸೈನಿಂಗ್ (ಬರೆದವರ ಡಿಜಿಟಲ್ ಸಹಿ) ಬೇಕು. ಕೋಡ್ ಸೈನಿಂಗ್ ಸರ್ಟಿಫಿಕೇಟ್ ಕೇಳಿದ್ರೆ ವರ್ಷಕ್ಕೆ ಇಪ್ಪತ್ತು ಸಾವಿರದ ಮೇಲೆ ಹೇಳಿದ್ರು, 2023ರ ಜೂನ್‌ನಿಂದ ಆ ಸಹಿಯ ಕೀ ಟೋಕನ್ನಿನಂಥ ಸುರಕ್ಷಿತ ಹಾರ್ಡ್‌ವೇರ್‌ನಲ್ಲೇ ಇರಬೇಕು ಅನ್ನೋ ನಿಯಮ ಬೇರೆ. ಮೆಷಿನ್‌ಗೆ ಸಾವಿರದೈನೂರು ಕೊಡೋಕೇ ಚೌಕಾಸಿ ಮಾಡೋ ಗಿರಾಕಿಗೆ ಇದೆಲ್ಲ ಗಿಟ್ಟೋ ಮಾತಲ್ಲ, ಬಿಟ್ಟಾಕಿದೆ.

ಕೊನೆಗೆ ಡಾಟ್‌ಎಂ (.dotm), ವಿಬಿಎ ಮ್ಯಾಕ್ರೋ ಒಳಗಿರೋ ವರ್ಡ್ ಟೆಂಪ್ಲೇಟ್. ಟೆಂಪ್ಲೇಟ್ ಫೈಲ್ ಒಂದನ್ನ ಯೂಸರ್‌ನ ವರ್ಡ್ ಸ್ಟಾರ್ಟಪ್ ಫೋಲ್ಡರ್‌ಗೆ ಹಾಕಿದ್ರೆ ಮುಗೀತು, ವರ್ಡ್ ತೆರೆದಾಗ ತಂತಾನೇ ಲೋಡ್ ಆಗುತ್ತೆ. 2022ರಲ್ಲಿ ನೆಟ್‌ನಿಂದ ಇಳಿಸಿದ ಫೈಲಿನ ಮ್ಯಾಕ್ರೋ ತಂತಾನೇ ಬ್ಲಾಕ್ ಆಗೋಕೆ ಶುರುವಾದಾಗ "ನಿನ್ನ ಕಥೆ ಮುಗೀತು" ಅಂದ್ರು. ಆದ್ರೆ ಆ ಸ್ಟಾರ್ಟಪ್ ಫೋಲ್ಡರ್ ಮೊದಲಿಂದಲೂ ಟ್ರಸ್ಟೆಡ್ ಲೊಕೇಶನ್ (ವರ್ಡ್ ನಂಬೋ ಜಾಗ), ಅಲ್ಲಿದ್ದ ಫೈಲಿಗೆ ಆ ಬ್ಲಾಕ್ ತಟ್ಟಲ್ಲ. ಇನ್ನೋ ಸೆಟಪ್ ಅನ್ನೋ ಟೂಲ್‌ನಲ್ಲಿ ಪುಟ್ಟ ಇನ್‌ಸ್ಟಾಲರ್ ಮಾಡಿ ಅಡ್ಮಿನ್ ಪಾಸ್‌ವರ್ಡ್ ಕೇಳದ ಹಾಗೆ ಇಟ್ಟಿದೀನಿ. ಗುರುತಿಲ್ಲದ ಪ್ರೋಗ್ರಾಂ ಅಂತ ವಿಂಡೋಸಿನ ಸ್ಮಾರ್ಟ್‌ಸ್ಕ್ರೀನ್ ಒಂದ್ಸಲ ಹೆದರಿಸುತ್ತೆ, ಅದಕ್ಕೆ ಪೆನ್‌ಡ್ರೈವ್ ತಗೊಂಡು ನಾನೇ ಹೋಗ್ತೀನಿ, ಹಂಗೇ ದುಡ್ಡೂ ಅಲ್ಲೇ ವಸೂಲಿ.

ಈಗ ಒಳಗಿನ ವಿಷಯ. ವಿಬಿಎ ಎಡಿಟರ್‌ನಲ್ಲಿ ಕನ್ನಡ ಬರೆದ್ರೆ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ, ಹಾಗಾಗಿ ಎಲ್ಲಾ ಯೂನಿಕೋಡ್ ನಂಬರಲ್ಲೇ, ಕ ಅಂದ್ರೆ 3221 ಅಂತ ಈಗ ನಿದ್ದೇಲೂ ಹೇಳ್ತೀನಿ. ಮೆಸೇಜ್ ಬಾಕ್ಸೂ ಅಷ್ಟೇ, ವಿಂಡೋಸ್ ಎಪಿಐ (ವಿಂಡೋಸಿನದೇ ಫಂಕ್ಷನ್) ಕರೆದು ತೋರಿಸಬೇಕು, 64 ಬಿಟ್ ಆಫೀಸ್ ಇದ್ರೆ ಅದನ್ನ ಕರೆಯೋ ಡಿಕ್ಲೇರ್ ಸಾಲಲ್ಲಿ ಪಿಟಿಆರ್‌ಸೇಫ್ (PtrSafe) ಅನ್ನೋ ಪದ ಬರೀಲೇಬೇಕು. ವರ್ಡ್ ಮೇಲಿನ ಬಟನ್ ಸಾಲು ಕಟ್ಟೋ ರಿಬ್ಬನ್ ಎಕ್ಸ್‌ಎಂಎಲ್‌ನಲ್ಲಿ ಮಾತ್ರ ಕನ್ನಡ ನೆಟ್ಟಗೆ ಬರುತ್ತೆ, ಬಟನ್ ಮೇಲೆ "ಯೂನಿಕೋಡ್ ಮಾಡು" ಅಂತ ಕಂಡಾಗ ಗಿರಾಕಿ ಅರ್ಧ ಒಪ್ಪಿರ್ತಾನೆ.

ಕಷ್ಟ ಇರೋದು ಕ್ರಮದಲ್ಲಿ. ಆಸ್ಕಿಯಲ್ಲಿ ಅಕ್ಷರ ಕಣ್ಣಿಗೆ ಕಂಡ ಹಾಗೆ ಕೂತಿರುತ್ತೆ, ಇಂಗ್ಲಿಷ್ ಪಿ ಪಕ್ಕ ತಲೆ ಮೇಲೆ ಗೀಟಿರೋ ಎ ಬಂದ್ರೆ ಕ, ಅದಾದ ಮೇಲೆ ಅರ್ಕಾವತ್ತಿನ ಗುರುತು ಬಂದ್ರೆ ರ್ಕ. ಯೂನಿಕೋಡಲ್ಲಿ ಆ ರ್ ಮೊದಲು ಹೋಗಬೇಕು. ಒತ್ತು ಸ್ವರಚಿಹ್ನೆ ಆದ್ಮೇಲೆ ಬಂದಿರುತ್ತೆ, ಅದನ್ನ ಸ್ವರಚಿಹ್ನೆಗಿಂತ ಮೊದಲಿಗೆ ತರಬೇಕು. ಸಾಮಾನ್ಯ ಪದಗಳಿಗೆ ಇಷ್ಟು ಸಾಕು, ಎರಡು ಒತ್ತಿನ ಜೊತೆ ಅರ್ಕಾವತ್ತೂ ಸೇರಿದಾಗ ನಾನು ಮಾಡೋ ವಿಂಗಡಣೆ ಮಾತ್ರ ಇಲ್ಲಿ ಹೇಳಲ್ಲ, ಹೊಟ್ಟೆಪಾಡು.

ಅಕ್ಷರ ಅಕ್ಷರ ಓಡಿಸಿದ್ರೆ ನೂರು ಪುಟದ ಫೈಲಿಗೆ ಟೀ ಕುಡಿದು ಊಟ ಮುಗಿಸಿ ಬಂದ್ರೂ ವರ್ಡ್ ನಾಟ್ ರೆಸ್ಪಾಂಡಿಂಗ್. ವರ್ಡಿನ ಫೈಂಡ್‌ಗೆ ಪದ ಕೊಡದೆ ಬರೀ ಫಾಂಟ್ ಹೆಸರು ಕೊಟ್ಟು ತುಂಡು ತುಂಡಾಗಿ ಹಿಡೀರಿ, ಎರಡು ಮೂರು ನಿಮಿಷಕ್ಕೆ ಬರುತ್ತೆ. ಟೇಬಲ್ ಒಳಗೆ ಹಿಡಿದ ತುಂಡಿಗೆ ಸೆಲ್ ಕೊನೆಯ ಗುರುತೂ ಅಂಟಿಕೊಂಡಿರುತ್ತೆ, ರೇಂಜಿನ (ಹಿಡಿದ ಭಾಗದ) ಕೊನೆಯನ್ನ ಒಂದು ಹೆಜ್ಜೆ ಹಿಂದಕ್ಕೆ ತಗೊಳ್ಳದಿದ್ರೆ ಎರರ್ ಗ್ಯಾರಂಟಿ. ಹೆಡರ್, ಫುಟರ್, ಫುಟ್‌ನೋಟ್‌ಗೆ ಸ್ಟೋರಿ ರೇಂಜ್ (ವರ್ಡ್ ಪ್ರತ್ಯೇಕವಾಗಿ ಇಡೋ ಭಾಗ) ಬೇರೆಯಾಗಿ ಸುತ್ತಬೇಕು.

ನನ್ನನ್ನ ಜಾಸ್ತಿ ಸತಾಯಿಸಿದ್ದು ಸೈಜು. ಹದಿನಾರರಲ್ಲಿದ್ದ ಹೆಡಿಂಗ್ ಯೂನಿಕೋಡ್ ಆದ ತಕ್ಷಣ ಹನ್ನೊಂದಕ್ಕೆ ಕುಗ್ಗುತ್ತೆ, ಬೋಲ್ಡೂ ಮಾಯ. ಕನ್ನಡ ವರ್ಡ್‌ಗೆ ಕಾಂಪ್ಲೆಕ್ಸ್ ಸ್ಕ್ರಿಪ್ಟು (ಅಕ್ಷರ ಕೂಡಿದಾಗ ರೂಪ ಬದಲಾಗೋ ಲಿಪಿ), ಅದರ ಫಾಂಟು, ಸೈಜು, ಬೋಲ್ಡು ಎಲ್ಲಾ ಬೇರೆ ಖಾನೆ. ವಿಬಿಎಯಲ್ಲಿ ಆ ಖಾನೆಗಳ ಹೆಸರು ನೇಮ್‌ಬೈ, ಸೈಜ್‌ಬೈ, ಬೋಲ್ಡ್‌ಬೈ, ಮೊದಲನೇದಕ್ಕೆ ಯೂನಿಕೋಡ್ ಫಾಂಟು, ಉಳಿದೆರಡಕ್ಕೆ ಹಳೇ ಬೆಲೆ ತುಂಬಿಸಿದ ಮೇಲೆ ಸರಿಹೋಯ್ತು. ನೆಟ್ಟಲ್ಲಿ ಹುಡುಕಿದ್ರೆ ಅರಬ್ಬೀ, ಹೀಬ್ರೂ ಟೈಪ್ ಮಾಡೋರ ಉತ್ತರಗಳೇ ಸಿಗೋದು, ಅವರ ಪುಣ್ಯದಿಂದಲೇ ನಂದೂ ದಡ ಸೇರ್ತು.

ಈ ಮಧ್ಯೆ ಸೊಸೈಟಿಯವರು ಎಕ್ಸೆಲ್‌ನಲ್ಲಿ ಮೊತ್ತ ಕನ್ನಡ ಅಕ್ಷರದಲ್ಲಿ ಬರೋ ಹಾಗೆ ಮಾಡ್ಕೊಡಿ ಅಂದ್ರು. ಥಾಯ್ ಭಾಷೆಗೆ ಬಾತ್‌ಟೆಕ್ಸ್ಟ್ ಅಂತ ಎಕ್ಸೆಲ್ಲಲ್ಲೇ ಫಂಕ್ಷನ್ ಇದೆ, ನಮ್ಮ ರೂಪಾಯಿಗೆ ಇಲ್ಲ. ಸುಲಭ ಅಂತ ಕೂತೆ. 1,25,500 ಅಂದ್ರೆ ಒಂದು ಲಕ್ಷದ ಇಪ್ಪತ್ತೈದು ಸಾವಿರದ ಐನೂರು, ಮುಂದೆ ಏನೂ ಇಲ್ಲದಿದ್ರೆ ಬರೀ ಲಕ್ಷ. ಇನ್ನೂರು, ಮುನ್ನೂರು, ಒಂಬೈನೂರು ಯಾವುದೂ ಸೂತ್ರಕ್ಕೆ ಬಗ್ಗಲ್ಲ, ಒಂದರಿಂದ ತೊಂಬತ್ತೊಂಬತ್ತು ಪೂರ್ತಿ ಪಟ್ಟಿ, ನೂರುಗಳಿಗೆ ಇನ್ನೊಂದು ಪಟ್ಟಿ ಕೈಯಲ್ಲೇ ಹಾಕಿದೆ. ಎಕ್ಸ್‌ಎಲ್‌ಎಎಂ (ಎಕ್ಸೆಲ್ ಆಡ್-ಇನ್ ಫೈಲ್) ಮಾಡಿ ಕೊಟ್ರೆ ಶೀಟನ್ನ ಆಡಿಟರ್‌ಗೆ ಮೇಲ್ ಮಾಡಿದ್ದೇ ತಡ ಅವರ ಮೆಷಿನ್‌ನಲ್ಲಿ ಎಲ್ಲಾ ನೇಮ್ ಎರರ್, ಆ ಆಡ್-ಇನ್ ಅಲ್ಲಿಲ್ಲವಲ್ಲ. ಈಗ ಫಾರ್ಮುಲಾ ಕೊಡಲ್ಲ, ಬಟನ್ ಒತ್ತಿದ್ರೆ ಪಕ್ಕದ ಸೆಲ್‌ಗೆ ಸೀದಾ ಅಕ್ಷರ ಬೀಳುತ್ತೆ. ಇದರಿಂದಲೇ ಹದಿನೈದು ಸಾವಿರದ ಹತ್ರ ಬಂತು.

ಒಟ್ಟು ಗಳಿಕೆ ಎರಡು ಲಕ್ಷದ ಆಸುಪಾಸು, ಕಳೆದಿದ್ದು ತೆಗೆದ್ರೂ ಲಾಭವೇ. ಕಾಪಿ ಹೊಡೀತಾರೆ ಅನ್ನೋ ಭಯ ಇದ್ದೇ ಇದೆ, ವಿಬಿಎ ಪಾಸ್‌ವರ್ಡ್ ಮುರಿಯೋದು ಎಲ್ಲರಿಗೂ ಗೊತ್ತು, ಅದಕ್ಕೆ ಅಕ್ಷರಗಳ ಪಟ್ಟಿ ಡಾಟ್‌ಎಂ ಒಳಗೆ ಇಟ್ಟಿಲ್ಲ, ಎಲ್ಲಿಟ್ಟಿದೀನಿ ಅಂತ ಕೇಳಬೇಡಿ. ಅಪ್‌ಡೇಟ್ ಮಾಡುವಾಗ ವರ್ಡ್ ತೆರೆದಿದ್ರೆ ಫೈಲ್ ಲಾಕ್ ಆಗಿರುತ್ತೆ, ಇನ್‌ಸ್ಟಾಲರ್ ಮೊದಲು ಅದನ್ನ ನೋಡಿ ಮುಚ್ಚಿ ಅನ್ನೋ ಹಾಗೆ ಮಾಡ್ಕೊಳ್ಳಿ. ಟೆಕ್ಸ್ಟ್ ಬಾಕ್ಸ್ ಒಳಗಿನ ಅಕ್ಷರ ಮಾತ್ರ ಇನ್ನೂ ಬಗೆಹರಿದಿಲ್ಲ, ಪ್ರೆಸ್ಸಿನವರ ಲಗ್ನಪತ್ರಿಕೆ ತುಂಬಾ ಅದೇ ಇರುತ್ತೆ, ಸದ್ಯಕ್ಕೆ ಅವರ ಹತ್ರ ಅರ್ಧ ದುಡ್ಡು ತಗೋತಿದೀನಿ.