ಕೋಡೀನ್ ಇರುವ ನೋವಿನ ಮಾತ್ರೆ: ಸ್ಟ್ರಿಪ್ ತಿರುಗಿಸಿ ಎರಡನೇ ಹೆಸರನ್ನೂ ಓದಿ
ಕೋಡೀನ್ ಅಂದರೆ ಅಫೀಮಿನ ಜಾತಿಯ, ಚಟ ಹಿಡಿಸಬಲ್ಲ ನೋವಿನ ಔಷಧಿ. ಕೆಲವು ದೇಶಗಳಲ್ಲಿ ಡಾಕ್ಟರ್ ಚೀಟಿ ಇಲ್ಲದೆಯೇ ಕೋಡೀನ್ ಮಾತ್ರೆ ಸಿಗುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಕೋಡೀನ್ ಒಂದೇ ಇರುವುದಿಲ್ಲ. ಜೊತೆಗೆ ಪ್ಯಾರಾಸಿಟಮಾಲ್ ಇರುತ್ತದೆ, ಇಲ್ಲವೇ ಐಬುಪ್ರೊಫೇನ್. ಎಲ್ಲರಿಗೂ ಕೋಡೀನ್ ಅಂದರೆ ಭಯ, ಜೊತೆಗಿರುವುದು ಮಾತ್ರ ಮರೆತೇ ಹೋಗುತ್ತದೆ.

ಬ್ರಿಟನ್ನಿನಲ್ಲಿ ಚೀಟಿ ಇಲ್ಲದೆ ಕೊಡುವ ಕೋ-ಕೊಡಮಾಲ್ ಮಾತ್ರೆಯನ್ನೇ ನೋಡಿ. ಒಂದರಲ್ಲಿ 8 ಮಿ.ಗ್ರಾಂ ಕೋಡೀನ್, 500 ಮಿ.ಗ್ರಾಂ ಪ್ಯಾರಾಸಿಟಮಾಲ್. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ ಪ್ಯಾರಾಸಿಟಮಾಲ್ 4 ಗ್ರಾಂ ದಾಟಬಾರದು, ಅಂದರೆ ಇಂಥ ಮಾತ್ರೆ 8 ತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು. ಅದರ ಮೇಲೆ ಶೀತಕ್ಕೆ ಅಂತ ಇನ್ನೊಂದು ಮಾತ್ರೆ, ಜ್ವರಕ್ಕೆ ಅಂತ ಮತ್ತೊಂದು ನುಂಗಿದರೆ, ಅವುಗಳಲ್ಲೂ ಪ್ಯಾರಾಸಿಟಮಾಲ್ ಇರುವ ಸಾಧ್ಯತೆ ಜಾಸ್ತಿ, ಲೆಕ್ಕ ಗೊತ್ತಾಗದ ಹಾಗೆ ಗಡಿ ದಾಟುತ್ತದೆ. ಹೆಚ್ಚಾದ ಮೊದಲ ದಿನ ಏನೂ ಆಗಿಲ್ಲ ಅನಿಸಬಹುದು. ಲಿವರ್ ಕೆಟ್ಟಿದ್ದು ಎರಡು ಮೂರು ದಿನದ ಮೇಲೆ ತಿಳಿಯುತ್ತದೆ. ಇದಕ್ಕೆ ಔಷಧಿ ಇದೆ, ಆದರೆ ಅದು ಬೇಗ ಕೊಟ್ಟಷ್ಟೂ ಒಳ್ಳೆಯದು. ಹಾಗಾಗಿ ಜಾಸ್ತಿ ನುಂಗಿದ್ದು ಗೊತ್ತಾದರೆ ಮೈಗೆ ಏನಾಗುತ್ತದೋ ನೋಡೋಣ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಐಬುಪ್ರೊಫೇನ್ ಬೆರೆತದ್ದಾದರೆ ತೊಂದರೆ ಬೇರೆ ಕಡೆ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿಗೆ ಪೆಟ್ಟು. ಕೋಡೀನ್ ಚಟಕ್ಕೆ ಬಿದ್ದು ದಿನಕ್ಕೆ ಹತ್ತಾರು ಮಾತ್ರೆ ನುಂಗುವವರ ದೇಹದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಇಳಿದ ಉದಾಹರಣೆಗಳಿವೆ.

ನನ್ನನ್ನು ಕೇಳಿದರೆ ಮೊದಲು ಬರೀ ಪ್ಯಾರಾಸಿಟಮಾಲ್ ಅಥವಾ ಬರೀ ಐಬುಪ್ರೊಫೇನ್ ತೆಗೆದುಕೊಂಡು ನೋಡಿ. ಅದಕ್ಕೆ ಬಗ್ಗದ ನೋವಿಗೆ ಮಾತ್ರ ಕೋಡೀನ್. 8 ಮಿ.ಗ್ರಾಂ ಅನ್ನುವುದು ಸಣ್ಣ ಪ್ರಮಾಣ, ಅದರಿಂದ ಪವಾಡ ಏನೂ ಆಗುವುದಿಲ್ಲ. ಮೇಲಾಗಿ ಕೋಡೀನ್ ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ. ಲಿವರ್ ಅದರ ಸ್ವಲ್ಪ ಭಾಗವನ್ನು ಮಾರ್ಫಿನ್ (ಅದೇ ಜಾತಿಯ, ಇನ್ನೂ ಬಲವಾದ ನೋವಿನ ಔಷಧಿ) ಆಗಿ ಬದಲಿಸಿದ ಮೇಲೆಯೇ ನೋವು ತಗ್ಗುವುದು. ಕೆಲವರಲ್ಲಿ ಹುಟ್ಟಿನಿಂದಲೇ ಈ ಬದಲಾವಣೆ ಆಗುವುದೇ ಇಲ್ಲ, ಎಷ್ಟು ನುಂಗಿದರೂ ಸುಮ್ನೆ ವ್ಯರ್ಥ. ಇನ್ನು ಕೆಲವರಲ್ಲಿ ಅತಿ ವೇಗವಾಗಿ ಆಗಿ, ಮಾಮೂಲಿ ಪ್ರಮಾಣಕ್ಕೇ ಉಸಿರಾಟ ನಿಧಾನವಾಗಬಹುದು. ಯಾರು ಯಾವ ಗುಂಪಿನವರು ಅಂತ ಹೊರಗಿನಿಂದ ಹೇಳಲು ಆಗದು. ಅದಕ್ಕೇ 12 ವರ್ಷದ ಒಳಗಿನ ಮಕ್ಕಳಿಗೆ ಇದು ಬೇಡವೇ ಬೇಡ. ಹಾಲುಣಿಸುವ ತಾಯಿಯೂ ತೆಗೆದುಕೊಳ್ಳಬಾರದು, ಮಾರ್ಫಿನ್ ಎದೆಹಾಲಿನ ಮೂಲಕ ಮಗುವಿಗೆ ಹೋಗುತ್ತದೆ. ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಲ್ಲುವ ತೊಂದರೆ ಇರುವವರು, ಉಬ್ಬಸ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಕುಡಿತದ ಜೊತೆ ಬೇಡ. ನಿದ್ದೆ ಮಾತ್ರೆ, ಆತಂಕಕ್ಕೆ ಕೊಡುವ ಮಾತ್ರೆ, ನರದ ನೋವಿಗೆ ಕೊಡುವ ಪ್ರಿಗಾಬಾಲಿನ್, ಮಂಪರು ತರಿಸುವ ಅಲರ್ಜಿ ಮಾತ್ರೆ, ಇವೆಲ್ಲ ಕೋಡೀನ್ ಜೊತೆ ಸೇರಿದರೆ ಉಸಿರಾಟವನ್ನು ಇನ್ನಷ್ಟು ಕುಗ್ಗಿಸಬಲ್ಲವು. ಖಿನ್ನತೆಗೆ ಫ್ಲೂಆಕ್ಸೆಟಿನ್ ಅಥವಾ ಪರಾಕ್ಸೆಟಿನ್ ತೆಗೆದುಕೊಳ್ಳುವವರಲ್ಲಿ ಕೋಡೀನ್ ಸರಿಯಾಗಿ ಕೆಲಸ ಮಾಡದೇ ಇರಬಹುದು. ಆಗ ಇನ್ನೊಂದು ನುಂಗೋಣ ಅನಿಸುತ್ತದೆ, ಅಲ್ವಾ? ನುಂಗಬೇಡಿ. ಫಾರ್ಮಸಿಸ್ಟ್ ಹತ್ತಿರ ನಿಮ್ಮ ಎಲ್ಲ ಮಾತ್ರೆಗಳ ಹೆಸರು ಹೇಳಿ. ಮಂಪರು ಇದ್ದರೆ ಗಾಡಿ ಓಡಿಸಬೇಡಿ. ಮಲಬದ್ಧತೆ ಬಂದೇ ಬರುತ್ತದೆ ಅಂದುಕೊಂಡು ನೀರು ಚೆನ್ನಾಗಿ ಕುಡಿಯಿರಿ.

ಚೀಟಿ ಇಲ್ಲದೆ ತೆಗೆದುಕೊಳ್ಳುವುದಾದರೆ ಮೂರು ದಿನಕ್ಕೆ ನಿಲ್ಲಿಸಿ. ಬ್ರಿಟನ್ನಿನಲ್ಲಿ ಈ ಎಚ್ಚರಿಕೆ ಡಬ್ಬದ ಮೇಲೇ ಇರುತ್ತದೆ, ಆಸ್ಟ್ರೇಲಿಯಾ 2018ರ ಫೆಬ್ರವರಿಯಿಂದ ಚೀಟಿ ಇಲ್ಲದ ಮಾರಾಟವನ್ನೇ ನಿಲ್ಲಿಸಿತು. ನಾಲ್ಕನೇ ದಿನವೂ ನೋವಿದ್ದರೆ ಮಾತ್ರೆ ಬದಲು ಕಾರಣ ಹುಡುಕಬೇಕು. ತಲೆನೋವಿನವರು ಇನ್ನೂ ಹುಷಾರಾಗಿರಿ: ತಿಂಗಳಿಗೆ 10 ದಿನ ಅಥವಾ ಹೆಚ್ಚು ಇದನ್ನು ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರಿಸಲು ಶುರುಮಾಡುತ್ತದೆ.

ನೋವು ಹೋದ ಮೇಲೂ ಮಾತ್ರೆ ಬೇಕೆನಿಸುವುದು, ಬೇರೆ ಬೇರೆ ಅಂಗಡಿಯಲ್ಲಿ ಕೊಳ್ಳುವುದು, ಬಿಟ್ಟ ದಿನ ಬೆವರು, ಚಡಪಡಿಕೆ, ಭೇದಿ, ನಿದ್ದೆ ಬಾರದಿರುವುದು, ಇವು ಚಟದ ಗುರುತುಗಳು. ವಾರಗಟ್ಟಲೆ ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸುವ ಬದಲು ಡಾಕ್ಟರ್ ಹೇಳಿದ ಹಾಗೆ ಸ್ವಲ್ಪಸ್ವಲ್ಪವೇ ಇಳಿಸುವುದು ಸುಲಭ. ಎಷ್ಟು ನುಂಗುತ್ತಿದ್ದಿರಿ ಅನ್ನುವುದನ್ನು ಮುಚ್ಚಿಡಬೇಡಿ, ಲಿವರ್, ಕಿಡ್ನಿ ಪರೀಕ್ಷೆ ಬೇಕೋ ಬೇಡವೋ ಅನ್ನುವುದು ಅದರ ಮೇಲೇ ನಿಂತಿರುತ್ತದೆ.

ಯಾರಾದರೂ ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಯಾಗಿ ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗಿದ್ದರೆ ತಕ್ಷಣ ಆಂಬ್ಯುಲೆನ್ಸ್ ಕರೆಸಿ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ, ಖಾಲಿ ಸ್ಟ್ರಿಪ್ ಆಸ್ಪತ್ರೆಗೆ ಜೊತೆಯಲ್ಲೇ ಕಳಿಸಿ.