ಅರ್ಧ ಸೌಟು ಗಸಿ, ಒಂದು ಲೋಟ ನೀರು

ಮೈಕ್ರೋವೇವ್‌ನಲ್ಲಿ ಒಂದು ಪಾತ್ರೆ ಸಾರು ಬಿಸಿ ಮಾಡುವುದು ಯಾರಿಗೂ ಕಷ್ಟವಿಲ್ಲ. ಅರ್ಧ ಸೌಟು ಕೋರಿ ಗಸಿ (ನಮ್ಮ ಕಡೆಯ ಕೋಳಿ ಸಾರು), ಎರಡು ನೀರ್ ದೋಸೆ, ಒಂದೇ ಒಂದು ಬನ್ಸ್, ಇವನ್ನು ಸಿಡಿಸದೆ, ಒಣಗಿಸದೆ, ಮಶೀನೂ ಹಾಳಾಗದ ಹಾಗೆ ಬಿಸಿ ಮಾಡಿ ಕೊಡುವುದೇ ಕಷ್ಟ. ಉಡುಪಿಯ ಇಂದ್ರಾಳಿ ರೈಲ್ವೆ ಸ್ಟೇಷನ್ ಹತ್ತಿರದ ನನ್ನ ಸಣ್ಣ ಹೋಟೆಲಿನಲ್ಲಿ ಈಗ ರಾತ್ರಿಯೆಲ್ಲ ಇದೇ ಕೆಲಸ. ಎರಡು ವರ್ಷ ಆಗ್ತಾ ಬಂತು. ತಣ್ಣಗಿದೆ ಅಂತ ಪ್ಲೇಟ್ ವಾಪಸ್ ಬಂದದ್ದು ಇತ್ತೀಚೆಗೆ ನೆನಪಿಲ್ಲ. ಸ್ವಲ್ಪ ಕೊಚ್ಚಿಕೊಂಡ ಹಾಗೆ ಕೇಳಬಹುದು, ಕೇಳಲಿ.

ರಾತ್ರಿ ರೈಲು ಇಳಿದು ಬರುವವರು ಒಬ್ಬರೋ ಇಬ್ಬರೋ. ಮಳೆಗಾಲದ ಟೈಮ್‌ಟೇಬಲ್ ಶುರುವಾದರೆ ಯಾವ ಹೊತ್ತಿಗೆ ಯಾರು ಬರ್ತಾರೆ ಅಂತ ಹೇಳುವ ಹಾಗೇ ಇಲ್ಲ. ಮೊದಲೆಲ್ಲ ಅವರಿಗಾಗಿ ಸಾಂಬಾರು, ಗಸಿ ಎರಡನ್ನೂ ಸಣ್ಣ ಉರಿಯಲ್ಲಿ ಇಡುತ್ತಿದ್ದೆವು. ಮಧ್ಯರಾತ್ರಿ ಕಳೆದರೆ ತಳ ಹಿಡಿಯುತ್ತಿತ್ತು. ನೀರು ಹೊಯ್ಯುವುದು, ಮತ್ತೆ ಕುದಿಸುವುದು, ಬೆಳಿಗ್ಗೆ ಉಳಿದದ್ದನ್ನು ಚೆಲ್ಲುವುದು. 19 ಕೆ.ಜಿ. ಸಿಲಿಂಡರಿಗೆ ಆಗ 1800 ರೂಪಾಯಿ ಆಸುಪಾಸು ಇತ್ತು. ರಾತ್ರಿ ಪಾಳಿಗೇ ತಿಂಗಳಿಗೆ ಒಂದೂವರೆ ಸಿಲಿಂಡರ್ ಹೋಗುತ್ತಿತ್ತು. ಚೆಲ್ಲಿದ್ದರ ಲೆಕ್ಕ ಬೇರೆ.

ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ರೂಮ್ ಖಾಲಿ ಮಾಡುವ ಹುಡುಗರು ಎಲ್ಲವನ್ನೂ ಮಾರಿ ಹೋಗ್ತಾರೆ, ನಿಮಗೂ ಗೊತ್ತು. ಹಾಗೆ ಸಿಕ್ಕಿದ್ದು ಒಂದು 20 ಲೀಟರಿನ ಸೋಲೋ ಮಶೀನ್, ಅಂದರೆ ಗ್ರಿಲ್ ಗಿಲ್ ಇಲ್ಲದ ಬರೀ ಮೈಕ್ರೋವೇವ್, 700 ವಾಟಿನದು, 2500 ಚಿಲ್ಲರೆ ಕೊಟ್ಟೆ. ನಮ್ಮ ಹಳೆಯ ಅಡುಗೆಯವರು ಅದನ್ನು ನೋಡಿ, "ಎಂತ ಧಣಿ, ಈ ಡಬ್ಬಿಯಲ್ಲಿ ಹೋಟೆಲ್ ನಡೆಸ್ಲಿಕ್ಕೆ ಆಗ್ತದಾ?" ಅಂದರು. ಪಕ್ಕದ ಅಂಗಡಿಯಿಂದ "ಅಲ್ಲಿ ರಬ್ಬರ್ ದೋಸೆ ಸಿಗ್ತದಂತೆ" ಅಂತ ಸುದ್ದಿ ಹೊರಟಿತು. ಆ ಸಮಯಕ್ಕೆ ಅದು ಸುಳ್ಳೂ ಆಗಿರಲಿಲ್ಲ.

ಮೊದಲು ಹೋದದ್ದು ಮೈಕಾ ಶೀಟ್. ಒಳಗೆ ಬಲಗಡೆ ಗೋಡೆಯಲ್ಲಿ ರಟ್ಟಿನ ಹಾಗೆ ತೆಳ್ಳಗೆ ಇರ್ತದಲ್ಲ, ಅದು. ಅರ್ಧ ಸೌಟು ಗಸಿ ಇಟ್ಟರೆ 20 ಸೆಕೆಂಡಿಗೆ ಅಂಚು ಕುದಿದು ಸಿಡಿಯುತ್ತಿತ್ತು, ನಡುವಿನ ಕೋಳಿ ತುಂಡು ಮಾತ್ರ ಫ್ರಿಜ್‌ನಿಂದ ತೆಗೆದಾಗ ಇದ್ದಷ್ಟೇ ತಣ್ಣಗೆ. ಸಿಡಿದ ಎಣ್ಣೆ ಮೈಕಾ ಮೇಲೆ ಕೂತು ಕರಿಯಾಗಿ, ಒಂದು ರಾತ್ರಿ ಚಟಚಟ ಕಿಡಿ. ಶೀಟಿಗೆ ನೂರೋ ನೂರೈವತ್ತೋ, ಮೆಕ್ಯಾನಿಕ್ ಬಂದು ಹೋದದ್ದಕ್ಕೆ ಅದರ ಮೂರು ಪಾಲು. ಆಮೇಲೆ ಮೈಕ್ರೋವೇವ್ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಕೂಡ ಸುಟ್ಟಿತು. ಅದಕ್ಕೆ ಮಜೂರಿ ಸೇರಿ ಎರಡು ಸಾವಿರ ಹತ್ತಿರ. ಹಳೆ ಮಶೀನಿಗೆ ಅಷ್ಟು ಹಾಕುವಾಗ ಮನೆಯಲ್ಲಿ ಯಾರೂ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಮೆಕ್ಯಾನಿಕ್ ಹುಡುಗ ಒಂದೇ ಪ್ರಶ್ನೆ ಕೇಳಿದ: "ಖಾಲಿ ಓಡಿಸಿದ್ದೀರಾ?" ಇಲ್ಲ ಅಂದೆ. ಆದರೆ ಮಶೀನಿಗೆ ಅರ್ಧ ಸೌಟು ಗಸಿ ಅಂದರೆ ಹೆಚ್ಚುಕಡಿಮೆ ಖಾಲಿಯೇ. 700 ವಾಟ್ ಅಂತ ಬರೆಯುವುದು ಒಳಗೆ ಒಂದು ಲೀಟರ್ ನೀರಿಟ್ಟು ಅಳೆದು. 60 ಗ್ರಾಂ ಗಸಿ ಅಷ್ಟನ್ನೂ ಎಲ್ಲಿ ಹೀರ್ತದೆ? ಉಳಿದದ್ದು ಗೋಡೆಗೆ ಹೊಡೆದ ಚೆಂಡಿನ ಹಾಗೆ ಮ್ಯಾಗ್ನೆಟ್ರಾನಿಗೇ ವಾಪಸ್.

ಆವತ್ತಿನಿಂದ ಪ್ಲೇಟಿನ ಜೊತೆ ಒಂದು ಗಾಜಿನ ಲೋಟದಲ್ಲಿ ನೀರು. ಸುಮಾರು 150 ಎಂ.ಎಲ್. ಅಷ್ಟೇ. ಅದೇ ಗಸಿಗೆ ಈಗ ಒಂದೂಕಾಲು ನಿಮಿಷ ಬೇಕು, ನಡುವೆ ಒಮ್ಮೆ ತೆಗೆದು ತಿರುಗಿಸಿ. ಸಮಯ ಮೂರ್ನಾಲ್ಕು ಪಾಲು ಆಯಿತು, ಆದರೆ ಸಿಡಿಯುವುದು ನಿಂತಿತು, ಐದು ಸೆಕೆಂಡ್ ಆಚೀಚೆ ಆದರೂ ಏನೂ ಕೆಡುವುದಿಲ್ಲ. ಕರೆಂಟ್ ಜಾಸ್ತಿ ಅಲ್ವಾ ಅಂತ ಎಲ್ಲರೂ ಕೇಳ್ತಾರೆ. ಈ ಮಶೀನ್ ಎಳೆಯುವುದು 1150-1200 ವಾಟ್. ಕಮರ್ಷಿಯಲ್ ಮೀಟರಿನಲ್ಲಿ ಯೂನಿಟ್‌ಗೆ ಎಂಟು ರೂಪಾಯಿ ಹಿಡಿದರೂ ಪ್ಲೇಟಿಗೆ 20 ಪೈಸೆ. ಲೋಟದ ಬಿಸಿನೀರೂ ದಂಡವಲ್ಲ, ಮಳೆಗಾಲದಲ್ಲಿ ಕುಡಿಯಲು ಬಿಸಿನೀರು ಕೇಳದವರು ಯಾರು?

ಒಂದು ಜಾಗ್ರತೆ. ನುಣ್ಣಗಿನ ಗಾಜಿನ ಲೋಟದಲ್ಲಿ ನೀರು ಗುಳ್ಳೆಯೇ ಬಾರದೆ ನೂರು ಡಿಗ್ರಿ ದಾಟಬಹುದು. ಮುಟ್ಟಿದ ತಕ್ಷಣ, ಇಲ್ಲವೇ ಚಮಚ ಹಾಕಿದ ತಕ್ಷಣ ಉಕ್ಕಿ ಕೈಮೇಲೆ ಬರ್ತದೆ. ಮೊದಲೇ ಒಂದು ಮರದ ಐಸ್‌ಕ್ರೀಮ್ ಕಡ್ಡಿ ಹಾಕಿಡಿ, ಎರಡು ಪ್ಲೇಟಿಗೊಮ್ಮೆ ನೀರು ಬದಲಿಸಿ. ಲೋಟವನ್ನು ಪ್ಲೇಟಿನ ಯಾವ ಬದಿಗೆ, ಎಷ್ಟು ದೂರ ಇಡಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ಬಹಳ ದುಡ್ಡು ಕಳೆದಿದ್ದೇನೆ.

ತಿಂಡಿ ಎಲ್ಲಿಡಬೇಕು ಅನ್ನುವುದನ್ನು ಮಾತ್ರ ಹೇಳ್ತೇನೆ, ಅದು ಹಪ್ಪಳದಿಂದ ಗೊತ್ತಾದದ್ದು. ಕೆಳಗಿನ ಚಕ್ರದ ರಿಂಗ್ ತೆಗೆದು, ಗಾಜಿನ ತಟ್ಟೆ ತಿರುಗದ ಹಾಗೆ ಮಾಡಿ, ಅದರ ತುಂಬ ಉದ್ದಿನ ಹಪ್ಪಳ ಹರಡಿ, ಒಂದು ಮೂಲೆಯಲ್ಲಿ ನೀರಿಟ್ಟು ಸ್ವಲ್ಪ ಹೊತ್ತು ಓಡಿಸಿದೆ. ಕೆಲವು ಕಡೆ ಬೆಳ್ಳಗೆ ಉಬ್ಬಿತು, ನಡುನಡುವೆ ಹಸಿಯಾಗಿಯೇ ಉಳಿಯಿತು. ಉಬ್ಬಿದ ಕಲೆಗಳ ನಡುವೆ ಸುಮಾರು ಆರು ಸೆಂ.ಮೀ. ಅಂತರ. ಈ ಅಲೆಯ ಉದ್ದ 12 ಸೆಂ.ಮೀ. ಚಿಲ್ಲರೆ, ಅದರ ಅರ್ಧ ಅಂತ ಊಟಕ್ಕೆ ಬರುವ ಇಂಜಿನಿಯರಿಂಗ್ ಹುಡುಗ ಹೇಳಿದ. ನನಗೆ ಬೇಕಾದದ್ದು ಬೇರೆ: ನನ್ನ ಮಶೀನಿನ ನಟ್ಟನಡುವೆ ಹಪ್ಪಳ ಹಸಿ! ಒಂದು ಬನ್ಸನ್ನು ನಡುವೆ ಇಟ್ಟರೆ ಅದು ಇದ್ದಲ್ಲೇ ತಿರುಗ್ತಾ ಇರ್ತದೆ, ಅಷ್ಟೇ. ಈಗ ನಡುವಿಗೂ ಅಂಚಿಗೂ ಮಧ್ಯೆ ಇಡ್ತೇನೆ. ಪ್ರತಿ ಮಶೀನೂ ಬೇರೆ, ನಿಮ್ಮದರಲ್ಲಿ ನೀವೇ ನೋಡಿ. ಖರ್ಚು ಹತ್ತಿಪ್ಪತ್ತು ರೂಪಾಯಿ, ಹಪ್ಪಳ ಆಮೇಲೆ ತಿನ್ನಲೂಬಹುದು. ಅಡುಗೆಯವರು ನಗುವುದನ್ನು ನಿಲ್ಲಿಸಿದ್ದು ಈ ಹಪ್ಪಳ ನೋಡಿದ ಮೇಲೆ.

ಪವರ್ ಬಟನ್ ನಂಬಿ ಕೂರಬೇಡಿ. ಅಗ್ಗದ ಮಶೀನಿನಲ್ಲಿ "ಲೋ" ಅಂದರೆ ಉರಿ ಕಡಿಮೆ ಅಲ್ಲ. ಪೂರ್ತಿ ಪವರ್ ಸ್ವಲ್ಪ ಹೊತ್ತು, ಆಮೇಲೆ ಸುಮ್ನೆ ಫ್ಯಾನ್ ಮಾತ್ರ. ನನ್ನದರಲ್ಲಿ ಹತ್ತು ಸೆಕೆಂಡ್ ಗುಂಯ್ ಅಂತದೆ, ಇಪ್ಪತ್ತು ಸೆಕೆಂಡ್ ಸುಮ್ಮನಿರ್ತದೆ. ಹಾಗಾಗಿ ಬನ್ಸನ್ನು ಲೋದಲ್ಲಿ ಹತ್ತು ಸೆಕೆಂಡ್ ಇಟ್ಟರೂ ಹೈನಲ್ಲಿ ಇಟ್ಟರೂ ಒಂದೇ. ಪವರನ್ನೇ ನಿಜವಾಗಿ ಇಳಿಸುವ ಇನ್ವರ್ಟರ್ ಮೈಕ್ರೋವೇವ್ ಇದ್ದವರಿಗೆ ಈ ಕಷ್ಟ ಇಲ್ಲ, ಅದರ ಬೆಲೆಯೂ ಹಾಗೇ ಉಂಟು. ಇನ್ನೊಂದು, ಸ್ಟಾರ್ಟ್ ಒತ್ತಿದ ಮೇಲೆ ಎರಡು-ಮೂರು ಸೆಕೆಂಡ್ ಮ್ಯಾಗ್ನೆಟ್ರಾನ್ ಬಿಸಿಯಾಗಲಿಕ್ಕೇ ಹೋಗ್ತದೆ. ನಡುವೆ ನಿಲ್ಲಿಸಿ ಹತ್ತತ್ತು ಸೆಕೆಂಡಿನ ಮೂರು ಕಂತಲ್ಲಿ ಓಡಿಸಿದರೆ ಸಿಗುವುದು ಮೂವತ್ತಲ್ಲ, ಇಪ್ಪತ್ತೊಂದರಿಂದ ಇಪ್ಪತ್ನಾಲ್ಕರ ಒಳಗೆ. ಸಂಜೆ ವೋಲ್ಟೇಜ್ ಇಳಿದರೆ ಇನ್ನೂ ಹತ್ತು ಸೆಕೆಂಡ್ ಜಾಸ್ತಿ ಬೇಕು.

ಅದಕ್ಕೇ ಗಡಿಯಾರಕ್ಕಿಂತ ಚುಚ್ಚುವ ಥರ್ಮಾಮೀಟರ್ ಮೇಲೆ ನನಗೆ ನಂಬಿಕೆ. ಮುನ್ನೂರು ರೂಪಾಯಿ ಇರಬೇಕು. ಹೊರಗೆ ತೆಗೆದು ಅರ್ಧ ನಿಮಿಷ ಬಿಟ್ಟು, ಕಲಸಿ, ದಪ್ಪ ತುಂಡಿನ ನಡುವೆ ಚುಚ್ಚಿ. 74 ಡಿಗ್ರಿ ತೋರಿಸಬೇಕು. ಇಡುವಾಗ 5 ಡಿಗ್ರಿಗಿಂತ ಕೆಳಗೆ ಫ್ರಿಜ್‌ನಲ್ಲಿ, ಒಂದೊಂದು ಪ್ಲೇಟಿನಷ್ಟೇ ಸಣ್ಣ ಡಬ್ಬಿಗಳಲ್ಲಿ. ಕುಚ್ಚಲಕ್ಕಿ ಅನ್ನ ಗಂಟೆಗಟ್ಟಲೆ ಹೊರಗೆ ಉಳಿದರೆ ಅದನ್ನು ಮೈಕ್ರೋವೇವ್ ಉಳಿಸುವುದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಚೆಲ್ಲಿಬಿಡಿ.

ಮುಚ್ಚಲು ಬಾಳೆಎಲೆ ತುಂಡು. ಪ್ಲಾಸ್ಟಿಕ್ ಮುಚ್ಚಳ ಮೂರು ನಾಲ್ಕು ತಂದಿದ್ದೆ, ಅರಸಿನ ಮತ್ತು ತೆಂಗಿನೆಣ್ಣೆ ಸೇರಿ ಎಲ್ಲ ಹಳದಿಯಾದವು. ಎಲೆಯನ್ನು ಒದ್ದೆ ಮಾಡಿ ನೀರ್ ದೋಸೆ ಮೇಲೆ ಮುಚ್ಚಿದರೆ ಅಂಚು ಒಣಗುವುದೇ ಇಲ್ಲ. ಎರಡು ದೋಸೆಗೆ 25 ಸೆಕೆಂಡ್, ಮಡಚಿ ಇಡಬೇಡಿ. ಬನ್ಸ್‌ಗೆ 15 ಸಾಕು, ಜಾಸ್ತಿಯಾದರೆ ಹೊರಗೆ ತೆಗೆದ ಎರಡು ನಿಮಿಷದಲ್ಲಿ ಕಲ್ಲು. ಬನ್ಸ್ ಮೆತ್ತಗೆ ಉಳಿಸಲು ಇನ್ನೊಂದು ಉಪಾಯವೂ ಉಂಟು, ಬೇಕಾದರೆ ಹೋಟೆಲಿಗೆ ಬನ್ನಿ, ತಿಂದು ಕಂಡುಹಿಡಿಯಿರಿ. ಪಾರ್ಸೆಲ್ ಬಿಸಿ ಮಾಡಿ ಕೊಡಿ ಅಂತ ತರುವವರ ಪೊಟ್ಟಣ ಬಿಚ್ಚದೆ ಇಡಲೇಬೇಡಿ. ಕಾಗದದ ಮಡಿಕೆಯಲ್ಲಿ ಸ್ಟೇಪ್ಲರ್ ಪಿನ್ ಇರ್ತದೆ, ಒಳಗೆ ಬೆಳ್ಳಿ ಬಣ್ಣದ ಹಾಳೆ ಇರ್ತದೆ. ಒಂದು ಪಿನ್ನಿಗೆ ಕಾಗದ ಹೊತ್ತಿಕೊಂಡದ್ದನ್ನು ನಾನೇ ನೋಡಿದ್ದೇನೆ. ನೂಲು ಕಟ್ಟಿದ್ದಾದರೆ ಪಿನ್ನಿನ ಚಿಂತೆ ಇಲ್ಲ, ಒಳಗಿನ ಹಾಳೆ ಮಾತ್ರ ನೋಡಿ.

ಬಂಗುಡೆ ಪುಳಿಮುಂಚಿಯಲ್ಲಿ ಮೀನಿನ ಚರ್ಮಕ್ಕೆ ಎರಡು ಗೀರು ಹಾಕಿ, ಇಲ್ಲದಿದ್ದರೆ ಪಟ್ ಅಂತ ಹಾರ್ತದೆ. ಇಡೀ ಬೇಯಿಸಿದ ಮೊಟ್ಟೆ ಬೇಡವೇ ಬೇಡ. ಅದು ಒಳಗೆ ಸುಮ್ಮನಿದ್ದು, ಗಿರಾಕಿ ಕಚ್ಚಿದಾಗ ಬಾಯಲ್ಲೇ ಒಡೆಯಬಹುದು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಗುವಿನ ಹಾಲಿನ ಬಾಟಲಿ ತಂದು, "ಅಣ್ಣಾ, ಹತ್ತೇ ಸೆಕೆಂಡ್" ಅಂತ ಕೇಳುವವರು ಇದ್ದಾರೆ. ಬಾಟಲಿ ಹೊರಗೆ ಉಗುರುಬೆಚ್ಚಗೆ ಇದ್ದು ಒಳಗೆ ಹಾಲು ಕೆಲವು ಕಡೆ ಕುದಿಬಿಸಿ ಇರಬಹುದು. ನಾನು ಒಳಗೆ ಇಡುವುದಿಲ್ಲ, ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಕೊಡ್ತೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ.

ಗಿರಾಕಿ ಇಲ್ಲದ ಹೊತ್ತಲ್ಲಿ ಬೇರೆ ಪ್ರಯೋಗಗಳೂ ಆದವು. ಹಲಸಿನ ಬೀಜ ಸುಡಲು ನೋಡಿದೆ, ಸಿಪ್ಪೆ ಸೀಳದಿದ್ದರೆ ಪಟಾಕಿ, ಸೀಳಿದರೆ ರುಚಿ ಚೆನ್ನಾಗಿಯೇ ಬರ್ತದೆ. ಕರಿಬೇವು ಒಣಗಿಸಲು ಹೋಗಿ ಎಲೆ ಒಣಗಿದ ಕ್ಷಣಕ್ಕೆ ಹೊಗೆ. ಒಣಗಿದ ಮೇಲೆ ಅದರಲ್ಲಿ ಹೀರಲು ನೀರೇ ಇಲ್ಲವಲ್ಲ. ಲೋಟ ಇಟ್ಟರೆ ಹೊಗೆ ಇಲ್ಲ, ಆದರೆ ಒಂದು ಹಿಡಿಗೆ ಅಷ್ಟು ಹೊತ್ತು ನಿಲ್ಲುವವರು ಯಾರು? ಬಿಟ್ಟೆ. ಪತ್ರೊಡೆ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಒಗ್ಗಿತು. ಬಿಲ್ಲೆ ಮಾಡಿ, ನಡುವೆ ಜಾಗ ಬಿಟ್ಟು ಸುತ್ತ ಜೋಡಿಸಿ, ಎಲೆ ಮುಚ್ಚಿದರೆ ಆಗಷ್ಟೇ ಹಬೆಯಿಂದ ಇಳಿಸಿದ ಹಾಗೆ.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಒಳಗಿನ ಬಣ್ಣ ಏಳ್ತದೆ, ಎದ್ದಲ್ಲಿ ತುಕ್ಕು, ತುಕ್ಕಲ್ಲಿ ಕಿಡಿ. ರಾತ್ರಿ ಕೆಲಸ ಮುಗಿದ ಮೇಲೆ ಒರೆಸಿ ಬಾಗಿಲು ಸ್ವಲ್ಪ ಹೊತ್ತು ತೆರೆದಿಡಿ. ಹಿಂದಿನ ಗಾಳಿ ಕಿಂಡಿಯಿಂದ ಹಲ್ಲಿ ನುಗ್ಗಿ ಬೋರ್ಡ್ ಸುಟ್ಟರೆ ರಿಪೇರಿ ಮಾಡುವುದಕ್ಕಿಂತ ಹೊಸದೇ ವಾಸಿ. ಹಾಗಂತ ಕಿಂಡಿಗೆ ಬಟ್ಟೆ ಮುಚ್ಚಬೇಡಿ, ಒಳಗೆ ಗಾಳಿ ಆಡಬೇಕು.

ಈಗ ರಾತ್ರಿ ಪಾಳಿಗೆ ತಿಂಗಳಿಗೆ ಅರ್ಧ ಸಿಲಿಂಡರೂ ಹೋಗುವುದಿಲ್ಲ. ಕರೆಂಟ್ ಬಿಲ್ ಮುನ್ನೂರು-ನಾನೂರು ಏರಿದೆ, ಅದರಲ್ಲಿ ಫ್ರಿಜ್‌ನದೂ ಸೇರಿದೆ. ಚೆಲ್ಲುವುದು ನಿಂತದ್ದೇ ದೊಡ್ಡ ಲಾಭ. ಆದರೆ ಇದು ಒಂದೆರಡು ಪ್ಲೇಟಿನ ಆಟ. ನಾಲ್ಕು ಪ್ಲೇಟ್ ಒಟ್ಟಿಗೆ ಬಂದರೆ ನಾಲ್ಕು ಪಟ್ಟು ಹೊತ್ತು, ಆಗ ಒಲೆಯೇ ಬೇಗ. ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪರ್ಯಾಯದ ರಾತ್ರಿ, ಜನವರಿ 17ಕ್ಕೆ, ಜೋಡುಕಟ್ಟೆಯ ಮೆರವಣಿಗೆ ನೋಡಲು ಬಂದ ಜನ ಹೋಟೆಲಿಗೂ ನುಗ್ಗುವಾಗ ಮಶೀನಿನ ಪ್ಲಗ್ ತೆಗೆದು ದೊಡ್ಡ ಪಾತ್ರೆಗೇ ಬೆಂಕಿ ಹಾಕುವುದು.

ತಂಬುಳಿ ಬಿಸಿ ಮಾಡಿ ಅಂತ ಯಾರೂ ಕೇಳುವುದಿಲ್ಲ. ಮಜ್ಜಿಗೆ ಹುಳಿ ಕೇಳ್ತಾರೆ, ಅದು ಒಡೆಯುತ್ತದೆ, ಒಲೆಯ ಮೇಲೆ ಕೈಯಾಡಿಸುತ್ತಾ ಬೆಚ್ಚಗೆ ಮಾಡಿಯೇ ಕೊಡಬೇಕು. ಗೋಳಿಬಜೆ ಏನು ಮಾಡಿದರೂ ಮೆತ್ತಗೆ. ಲೋಟ, ಎಲೆ, ಕಂತು ಎಲ್ಲ ನೋಡಿ ಆಯಿತು. ಬಿಸಿಯೇ ಬೇಕು ಅಂದವರಿಗೆ ಮತ್ತೊಮ್ಮೆ ಎಣ್ಣೆಗೆ ಬಿಟ್ಟು ತೆಗೆದು ಕೊಡ್ತೇನೆ, ಪ್ಲೇಟಿಗೆ ಐದು ರೂಪಾಯಿ ಜಾಸ್ತಿ.