ಗುಂಡಿನ ವೇಗ ಅಳೆಯುವುದು ಹೇಗೆ?

50 ಮೀಟರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿ.ಮೀ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ ಗುರಿಗೆ ಹೊಡೆದು. ಈ ಸ್ಪರ್ಧೆಯ .22 (ಸುಮಾರು 0.22 ಇಂಚು ದಪ್ಪದ) ಗುಂಡು ಸೆಕೆಂಡಿಗೆ 320 ಮೀಟರ್ ವೇಗದಲ್ಲಿ ಹೊರಟರೆ ಅಷ್ಟು ದೂರಕ್ಕೆ 12 ಸೆಂ.ಮೀ.ಗೂ ಹೆಚ್ಚು ಕೆಳಗಿಳಿಯುತ್ತದೆ. ವೇಗ 330 ಆದರೆ ಇಳಿತ ಸುಮಾರು 7 ಮಿ.ಮೀ. ಕಡಿಮೆ. ಒಂದೇ ಡಬ್ಬಿಯ ಎರಡು ತೋಟಾಗಳ ನಡುವೆ ಇಷ್ಟು ವ್ಯತ್ಯಾಸವಿದ್ದರೆ, ಶೂಟರ್ ಎಷ್ಟೇ ಚೆನ್ನಾಗಿ ಗುರಿಯಿಟ್ಟರೂ ಅಂಕ ಕೈತಪ್ಪಬಹುದು. ಅದನ್ನು ಮೊದಲೇ ತಿಳಿಸುವ ಸಾಧನ ಕ್ರೋನೋಗ್ರಾಫ್.

ಇದರಲ್ಲಿ ಎರಡು ಬೆಳಕಿನ ಸೆನ್ಸರ್‌ಗಳಿರುತ್ತವೆ. ಗುಂಡಿನ ನೆರಳು ಒಂದನ್ನು ದಾಟಿ ಇನ್ನೊಂದನ್ನು ತಲುಪುವ ಸಮಯದಿಂದ ವೇಗ ಸಿಗುತ್ತದೆ. ನಡುವಿನ ಅಂತರ 30 ಸೆಂ.ಮೀ. ಇದ್ದರೆ ಆ ಸಮಯ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಆದ್ದರಿಂದ ಜೋಡಣೆಯಲ್ಲಿ ಅವಸರ ಸಲ್ಲದು.

ರೇಂಜ್ ಅಧಿಕಾರಿಯ ಅನುಮತಿ ಪಡೆದು, ಎಲ್ಲ ಬಂದೂಕುಗಳೂ ಖಾಲಿಯಾಗಿ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆರೆದಿವೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದೆ ಹೋಗಿ. ನಳಿಗೆಯ ತುದಿಯಿಂದ ಸುಮಾರು 3 ಮೀಟರ್ ದೂರದಲ್ಲಿ ಯಂತ್ರವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ. ತೀರಾ ಹತ್ತಿರವಿದ್ದರೆ ಗುಂಡಿನ ಜೊತೆ ನುಗ್ಗುವ ಅನಿಲವನ್ನೇ ಯಂತ್ರ ಗುಂಡೆಂದು ಎಣಿಸಬಹುದು. ಯಂತ್ರ ಓರೆಯಾಗಿದ್ದರೆ ಗುಂಡು ಸಾಗುವ ದಾರಿ ಉದ್ದವಾಗಿ, ವೇಗ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಗುಂಡು ಸೆನ್ಸರ್‌ಗಳ ಮೇಲೆ 10–15 ಸೆಂ.ಮೀ. ಎತ್ತರದಲ್ಲಿ ಹಾದುಹೋಗಬೇಕು. ಇದನ್ನು ಬಂದೂಕಿನ ಮೇಲಿನ ದುರ್ಬೀನಿನಲ್ಲಿ ನೋಡಿ ನಿರ್ಧರಿಸಬೇಡಿ. ದುರ್ಬೀನು ನಳಿಗೆಗಿಂತ ನಾಲ್ಕೈದು ಸೆಂ.ಮೀ. ಮೇಲಿರುತ್ತದೆ, ಅದಕ್ಕೆ ದಾರಿ ತೆರವಾಗಿ ಕಂಡರೂ ಗುಂಡು ಯಂತ್ರಕ್ಕೇ ಬಡಿಯಬಹುದು. ಬೋಲ್ಟ್ ಹೊರತೆಗೆದು ನಳಿಗೆಯೊಳಗಿಂದಲೇ ನೋಡಿ.

ಬಿಸಿಲು ಪ್ರಖರವಾಗಿದ್ದರೆ ಸೆನ್ಸರ್‌ಗಳ ಮೇಲೆ ಬಿಳಿ ಪರದೆ ಹಾಕಿ. ಒಳಾಂಗಣದಲ್ಲಿ ಟ್ಯೂಬ್‌ಲೈಟಿನ ಮಿನುಗು ಸುಳ್ಳು ಅಂಕಿ ತೋರಿಸಬಹುದು.

ಈಗಷ್ಟೇ ಒರೆಸಿದ ನಳಿಗೆಯ ಮೊದಲ ಐದಾರು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಂತರ ಹತ್ತು ಹೊಡೆದು ಪ್ರತಿ ಅಂಕಿಯನ್ನೂ ಬರೆಯಿರಿ. ಒಂದು ಅಂಕಿ ವಿಚಿತ್ರವಾಗಿ ಕಂಡಿತೆಂದು ಅಳಿಸಿಹಾಕಬೇಡಿ, ನೀವು ಹುಡುಕುತ್ತಿರುವ ದೋಷ ಅದೇ ಇರಬಹುದು. ಹೆಚ್ಚಿನವರು ಸರಾಸರಿ ನೋಡಿ ತೃಪ್ತರಾಗುತ್ತಾರೆ. ನಾನು ಮೊದಲು ನೋಡುವುದು ಗರಿಷ್ಠ ಮತ್ತು ಕನಿಷ್ಠ ವೇಗಗಳ ಅಂತರ. ಎರಡು ಲಾಟ್‌ಗಳ (ಒಂದೇ ಸಲಕ್ಕೆ ತಯಾರಾದ ತೋಟಾಗಳ ಗುಂಪುಗಳ) ಸರಾಸರಿಯೂ 325 ಇದ್ದು, ಒಂದರ ಅಂತರ 6, ಇನ್ನೊಂದರದು 15 ಆಗಿದ್ದರೆ ಮೊದಲನೆಯದನ್ನೇ ಕೊಳ್ಳುತ್ತೇನೆ. ಆದರೆ ಕೊಳ್ಳುವ ಮುನ್ನ ಅದೇ ಲಾಟ್‌ನಿಂದ ಕಾಗದದ ಗುರಿಗೂ ಹತ್ತು ಹೊಡೆದು ನೋಡುತ್ತೇನೆ. ಅಂಕಿಗಳ ಪಕ್ಕದಲ್ಲಿ ಆ ದಿನದ ತಾಪಮಾನವನ್ನೂ ಲಾಟ್ ಸಂಖ್ಯೆಯನ್ನೂ ಬರೆದಿಡಿ.